ಪುಟ್ಟ ರೆಕಾರ್ಡರಿಗೆ ಹೊರಗಿನ ಕನ್ವರ್ಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಅಂಗೈಯಗಲದ ರೆಕಾರ್ಡರುಗಳಿಗೆ ಹೊರಗಿನ ಡಿಜಿಟಲ್ ಕನ್ವರ್ಟರ್ ಜೋಡಿಸುವುದರ ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಎರಡು ಮೂರು ಪತ್ರಗಳಲ್ಲಿ ಒಂದೇ ಪ್ರಶ್ನೆ ಇದ್ದಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಸುತ್ತಮುತ್ತ ನಡೆಯುವ ಯಕ್ಷಗಾನ ಬಯಲಾಟಗಳನ್ನು ಹಲವು ವರ್ಷಗಳಿಂದ ಒಂದು ಜೇಬು ರೆಕಾರ್ಡರಿನಲ್ಲಿ ಮುದ್ರಿಸಿಕೊಳ್ಳುತ್ತಿದ್ದೇನೆ. ಅದರಲ್ಲಿ 3.5 ಮಿ.ಮೀ.ನ ಮೈಕ್ ಜ್ಯಾಕ್ ಮತ್ತು ಲೈನ್ ಇನ್ ಜ್ಯಾಕ್ ಇವೆ. ಭಾಗವತರು ಮೆಲುದನಿಯಲ್ಲಿ ಪದ ಎತ್ತಿಕೊಂಡಾಗ ಹಿನ್ನೆಲೆಯಲ್ಲಿ ಸುಸ್ಸೆನ್ನುವ ಸದ್ದು ಕೇಳಿಸುತ್ತದೆ. ಹೊರಗಿನ ಎ-ಡಿ ಕನ್ವರ್ಟರ್ ಹಾಕಿದರೆ ಅದು ಹೋಗುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಜೋಡಿಸುವುದು ಹೇಗೆ? (ಹೊನ್ನಾವರದ ಓದುಗರು)

ಉತ್ತರ: ನೀವು ವಿವರಿಸಿದ ರೆಕಾರ್ಡರಿಗೆ ಅದನ್ನು ಜೋಡಿಸಲು ಬರುವುದಿಲ್ಲ. ಎ-ಡಿ ಕನ್ವರ್ಟರ್ ಮೈಕಿನಿಂದ ಬಂದ ವಿದ್ಯುತ್ ಏರಿಳಿತವನ್ನು ಅಳೆದು ಅಂಕಿಗಳನ್ನಾಗಿ ಮಾಡಿ ಹೊರಗೆ ಕಳಿಸುತ್ತದೆ. ಆ ಅಂಕಿಗಳನ್ನು ಅಂಕಿಗಳಾಗಿಯೇ ಒಳಗೆ ತೆಗೆದುಕೊಳ್ಳಲು ರೆಕಾರ್ಡರಿನಲ್ಲಿ ಡಿಜಿಟಲ್ ಇನ್ ಎಂಬ ಪ್ರತ್ಯೇಕ ಬಾಗಿಲು ಇರಬೇಕು. ಲೈನ್ ಇನ್‌ಗೆ ತಗುಲಿಸಿದರೆ ಹೆಚ್ಚೆಂದರೆ ಕರಕರ ಎನ್ನುವ ಗದ್ದಲ ಮುದ್ರಣವಾದೀತು. ಅಂಕಿಗಳನ್ನು ಮತ್ತೊಂದು ಡಿ-ಎ ಕನ್ವರ್ಟರಿನಿಂದ ಪುನಃ ಅನಲಾಗ್ ಮಾಡಿ ಲೈನ್ ಇನ್‌ಗೆ ಕೊಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಕೊಡಬಹುದು, ಆದರೆ ರೆಕಾರ್ಡರಿನ ಒಳಗಿನ ಕನ್ವರ್ಟರ್ ಅದನ್ನು ಮತ್ತೊಮ್ಮೆ ಅಂಕಿ ಮಾಡಿಯೇ ಕಾರ್ಡಿಗೆ ಬರೆಯುತ್ತದೆ. ಯಾವುದನ್ನು ತಪ್ಪಿಸಲು ಹೊರಟಿರೋ ಅದರ ಮೂಲಕವೇ ಹಾದು ಬಂದಂತಾಯಿತು, ಅಷ್ಟೆ.

ಅದಕ್ಕಿಂತ ಮುಖ್ಯವಾದ ಮಾತೆಂದರೆ, ನಿಮಗೆ ಕೇಳಿಸುತ್ತಿರುವ ಸುಸ್ಸು ಬಹುಮಟ್ಟಿಗೆ ಕನ್ವರ್ಟರಿನದ್ದಲ್ಲ, ಮೈಕ್ ಜ್ಯಾಕಿನ ಹಿಂದೆ ಕೂತಿರುವ ಪ್ರೀ-ಆಂಪಿನದ್ದು. ಮೈಕಿನಿಂದ ಬರುವುದು ಮಿಲಿವೋಲ್ಟುಗಳ ಲೆಕ್ಕದ ದುರ್ಬಲ ಸಂಕೇತ. ಅದನ್ನು ನೂರಾರು ಪಟ್ಟು ಹಿಗ್ಗಿಸುವಾಗ ಪ್ರೀ-ಆಂಪ್ ತನ್ನದೇ ಸದ್ದನ್ನೂ ಜೊತೆಗೆ ಹಿಗ್ಗಿಸಿ ಕಳಿಸುತ್ತದೆ. ಒಳ್ಳೆಯ ಪ್ರೀ-ಆಂಪಿನ ಸ್ವಂತ ಸದ್ದು −125 ಡಿಬಿಯು (ಅಂಕಿ ಕೆಳಗಿಳಿದಷ್ಟೂ ಸದ್ದು ಕಡಿಮೆ) ಆಸುಪಾಸಿನಲ್ಲಿದ್ದರೆ, ಅಗ್ಗದ ಜೇಬು ರೆಕಾರ್ಡರುಗಳಲ್ಲಿ ಅದು −110ರ ಸುತ್ತ ಇರುವುದುಂಟು. ಹದಿನೈದು ಡೆಸಿಬೆಲ್ ಅಂತರ ಕಿವಿಗೆ ಧಾರಾಳವಾಗಿ ಗೊತ್ತಾಗುತ್ತದೆ.

ನಂಬಿಕೆ ಬಾರದಿದ್ದರೆ ರಾತ್ರಿ ಮನೆ ನಿಶ್ಶಬ್ದವಾದ ಮೇಲೆ ಒಂದು ಪರೀಕ್ಷೆ ಮಾಡಿ. ಬಯಲಾಟದಲ್ಲಿ ಇಡುವ ಮಟ್ಟಕ್ಕೇ ಗುಂಡಿಯನ್ನಿಟ್ಟು, ಮೈಕ್ ಇನ್ ಆಯ್ದುಕೊಂಡು ಒಂದು ನಿಮಿಷ ಮುದ್ರಿಸಿ. ಆಮೇಲೆ ಮೈಕಿನ ಪ್ರೀ-ಆಂಪನ್ನು ಬಳಸದ ಲೈನ್ ಇನ್ ಆಯ್ದು, ಅದಕ್ಕೆ ಏನನ್ನೂ ತಗುಲಿಸದೆ ಇನ್ನೊಂದು ನಿಮಿಷ ಮುದ್ರಿಸಿ. ಎರಡನ್ನೂ ಹೆಡ್‌ಫೋನಿನಲ್ಲಿ ಒಂದೇ ವಾಲ್ಯೂಮಿನಲ್ಲಿ ಕೇಳಿ. ಎರಡನೆಯದರಲ್ಲಿ ಸುಸ್ಸು ಬಹುಪಾಲು ಮಾಯವಾಗಿದ್ದರೆ ಕನ್ವರ್ಟರ್ ನಿರಪರಾಧಿ, ಏಕೆಂದರೆ ಎರಡು ಸಲವೂ ಕೆಲಸ ಮಾಡಿದ್ದು ಅದೇ ಕನ್ವರ್ಟರ್.

ಲೆಕ್ಕವನ್ನೂ ನೋಡೋಣ. 16 ಬಿಟ್ಟಿನ ಮುದ್ರಣದಲ್ಲಿ ಅತಿ ಮೆಲ್ಲಗಿನ ಮತ್ತು ಅತಿ ಜೋರಿನ ಸದ್ದುಗಳ ನಡುವೆ ಸುಮಾರು 96 ಡೆಸಿಬೆಲ್ ಅವಕಾಶವಿದೆ. 24 ಬಿಟ್ಟಿನಲ್ಲಿ ಕಾಗದದ ಮೇಲೆ 144, ನಿಜವಾದ ಸಲಕರಣೆಗಳಲ್ಲಿ 100ರಿಂದ 120. ಬಯಲಾಟದ ರಾತ್ರಿ ಜೀರುಂಡೆ, ದೂರದ ಜನರೇಟರ್, ಚೌಕಿಯ ಮಾತುಕತೆ, ಕಡಲೆಕಾಯಿ ಪೊಟ್ಟಣದ ಸದ್ದು ಎಲ್ಲ ಸೇರಿ 40 ಡೆಸಿಬೆಲ್ಲಿಗಿಂತ ಕೆಳಗಿಳಿಯುವುದು ಅಪರೂಪವೆಂದು ನನ್ನ ಅಂದಾಜು. ಹತ್ತಿರದ ಚೆಂಡೆಯ ಪೆಟ್ಟು 110 ಮುಟ್ಟಿತೆಂದೇ ಇಟ್ಟುಕೊಳ್ಳಿ. ನಡುವೆ ಇರುವುದು 70 ಡೆಸಿಬೆಲ್. ಇಷ್ಟಕ್ಕೆ ನಿಮ್ಮ ರೆಕಾರ್ಡರಿನ ಕನ್ವರ್ಟರ್ ಸಾಕು.

ಹಾಗಾದರೆ ಈ ಸಲಹೆ ಎಲ್ಲಿಂದ ಹುಟ್ಟಿತು? ಒಂದು ಕಾಲಕ್ಕೆ ಅದು ಸರಿಯಾದ ಸಲಹೆಯೇ ಆಗಿತ್ತು. 1990ರ ದಶಕದಲ್ಲಿ ಸೋನಿಯ ಟಿಸಿಡಿ-ಡಿ7, ಡಿ8 ಮೊದಲಾದ ಪುಟ್ಟ ಡ್ಯಾಟ್ (ಡಿಜಿಟಲ್ ಆಡಿಯೋ ಟೇಪ್) ಯಂತ್ರಗಳಿದ್ದಾಗ, ಬಲ್ಲವರು ಅವುಗಳ ಮೈಕ್ ಜ್ಯಾಕನ್ನು ಬಿಟ್ಟು ಡಿಜಿಟಲ್ ಬಾಗಿಲಿನಿಂದ ಒಳಹೋಗುತ್ತಿದ್ದರು. 2005ರಲ್ಲಿ ಎಂ-ಆಡಿಯೋದ ಮೈಕ್ರೋಟ್ರ್ಯಾಕ್ 24/96 ಬಂದಾಗ, ಅಷ್ಟು ಚಿಕ್ಕ ಡಬ್ಬಿಯಲ್ಲಿ ಕೋಆಕ್ಸಿಯಲ್ (ಲೋಹದ ತಂತಿಯ) ಡಿಜಿಟಲ್ ಇನ್ ಇದ್ದುದೇ ಹಲವರಿಗೆ ಅದನ್ನು ಕೊಳ್ಳಲು ಕಾರಣವಾಯಿತು. ಅದರ ಫ್ಯಾಂಟಮ್ ಪವರ್ (ಮೈಕಿನ ಕೇಬಲ್ಲಿನಲ್ಲೇ ಮೈಕಿಗೆ ಕಳಿಸುವ ವಿದ್ಯುತ್) 48 ವೋಲ್ಟಿನ ಬದಲು 30 ವೋಲ್ಟ್ ಮಾತ್ರವಿದ್ದುದರಿಂದ ಒಳ್ಳೆಯ ಕಂಡೆನ್ಸರ್ ಮೈಕುಗಳಿಗೆ ಹೊರಗಿನಿಂದ ಶಕ್ತಿ ಕೊಡುವುದು ಹೇಗೂ ಬೇಕಾಗಿತ್ತು. ಗ್ರೇಸ್ ಕಂಪನಿಯ ಲೂನಾಟೆಕ್ ವಿ3, ಅಪೋಜಿಯ ಮಿನಿ-ಮಿ ಇಂಥ ಸಲಕರಣೆಗಳಲ್ಲಿ ಪ್ರೀ-ಆಂಪು, ಫ್ಯಾಂಟಮ್ ಪವರು, ಕನ್ವರ್ಟರು ಮೂರೂ ಒಂದೇ ಡಬ್ಬಿಯಲ್ಲಿದ್ದವು. ಬೇಸಾಯವೆಲ್ಲ ಅಲ್ಲಿ, ರೆಕಾರ್ಡರ್ ಬರೀ ಕಣಜ. ಆಗ ಲಾಭ ಸಿಕ್ಕಿದ್ದರಲ್ಲಿ ಪ್ರೀ-ಆಂಪಿನ ಪಾಲೇ ದೊಡ್ಡದು ಎಂಬುದನ್ನು ನಿಮ್ಮ ಸ್ನೇಹಿತರು ಮರೆತಿರಬೇಕು.

ಆದ್ದರಿಂದ ನಿಮ್ಮ ಹಣವನ್ನು ಬ್ಯಾಟರಿಯಲ್ಲಿ ನಡೆಯುವ ಒಳ್ಳೆಯ ಪ್ರೀ-ಆಂಪಿಗೆ ಹಾಕಿ, ಅದರ ಅನಲಾಗ್ ಔಟನ್ನು ರೆಕಾರ್ಡರಿನ ಲೈನ್ ಇನ್‌ಗೆ ಕೊಡಿ. ವೃತ್ತಿಪರ ಪ್ರೀ-ಆಂಪುಗಳ ಔಟ್ ಮಟ್ಟ ಜೇಬು ರೆಕಾರ್ಡರಿನ ಲೈನ್ ಇನ್‌ಗೆ ಹೆಚ್ಚಾಗುವ ಸಂಭವವಿದೆ. ಗುಂಡಿಯನ್ನು ಪೂರ್ತಿ ಇಳಿಸಿದರೂ ಚೆಂಡೆ ಒಡೆದಂತೆ ಕೇಳಿದರೆ ನಡುವೆ ಸಂಕೇತವನ್ನು 10 ಅಥವಾ 20 ಡೆಸಿಬೆಲ್ ತಗ್ಗಿಸುವ ಪ್ಯಾಡ್ ಹಾಕಬೇಕಾಗುತ್ತದೆ.

ಪ್ರಶ್ನೆ: ನನ್ನ ಹಳೆಯ ರೆಕಾರ್ಡರಿನಲ್ಲಿ ಕೋಆಕ್ಸಿಯಲ್ ಡಿಜಿಟಲ್ ಇನ್ ಇದೆ. ಹೊಸದಾಗಿ ತಂದ ಪ್ರೀ-ಆಂಪ್ ಸಹಿತ ಕನ್ವರ್ಟರನ್ನು ಅದಕ್ಕೆ ಜೋಡಿಸಿ ರಾಮನವಮಿಯ ಕಚೇರಿಯೊಂದನ್ನು ಮುದ್ರಿಸಿದೆ. ಮೀಟರು ಚೆನ್ನಾಗಿಯೇ ಆಡುತ್ತಿತ್ತು. ಮನೆಗೆ ಬಂದು ಕೇಳಿದರೆ ಇಡೀ ಕಚೇರಿಯಲ್ಲಿ ಸುಮಾರು ಸೆಕೆಂಡಿಗೊಮ್ಮೆ ‘ಟಿಕ್’ ಎಂಬ ಸದ್ದು. ಕೇಬಲ್ ಬದಲಿಸಿದರೂ ಹೋಗಲಿಲ್ಲ. (ಮೈಸೂರಿನ ಓದುಗರು)

ಉತ್ತರ: ಕೇಬಲ್ಲಿನ ತಪ್ಪಾಗಿದ್ದರೆ ಟಿಕ್ ಸದ್ದು ಮನಬಂದಂತೆ ಬರುತ್ತಿತ್ತು. ಲೆಕ್ಕ ಹಾಕಿದಂತೆ ಬರುತ್ತಿರುವುದರಿಂದ ಇದು ಕ್ಲಾಕಿನ ತೊಂದರೆ. ಕಚೇರಿಗಳಿಗೆ ಹೋಗುವವರಾದ್ದರಿಂದ ನಿಮಗೆ ಹೀಗೆ ಹೇಳಬಹುದು: ಹಾಡುವವರ ತಾಳವೊಂದು, ಮೃದಂಗದವರ ತಾಳ ಇನ್ನೊಂದು ಆಗಿದೆ.

ಕನ್ವರ್ಟರ್ ಸೆಕೆಂಡಿಗೆ 48,000 ಸಲ ಅಳತೆ ತೆಗೆಯುವುದು ತನ್ನೊಳಗಿನ ಒಂದು ಹರಳಿನ ಗಡಿಯಾರವನ್ನು ನೋಡಿಕೊಂಡು. ರೆಕಾರ್ಡರಿನೊಳಗೂ ಅಂಥದೇ ಹರಳಿದೆ. ಎರಡೂ 48,000 ಎಂದೇ ಹೇಳಿಕೊಂಡರೂ ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ವ್ಯತ್ಯಾಸ ಇರುವುದು ಸಾಮಾನ್ಯ. 48,000ಕ್ಕೆ ಆ ಲೆಕ್ಕದಲ್ಲಿ ವ್ಯತ್ಯಾಸ 0.96, ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಅಳತೆ. ರೆಕಾರ್ಡರ್ ತನ್ನದೇ ಗಡಿಯಾರವನ್ನು ನಂಬಿ ಬರೆಯುತ್ತಾ ಹೋದರೆ ಸೆಕೆಂಡಿಗೊಂದು ಅಳತೆಯನ್ನು ಬಿಟ್ಟುಬಿಡಬೇಕು, ಇಲ್ಲವೆ ಒಂದನ್ನು ಎರಡು ಸಲ ಬರೆಯಬೇಕು. ಆ ಜಾಗದಲ್ಲಿ ಅಲೆ ಮುರಿಯುತ್ತದೆ, ನಿಮಗೆ ಟಿಕ್ ಕೇಳುತ್ತದೆ. ತಂಬೂರ ಮಾತ್ರ ಮೀಟುತ್ತಿರುವ ಕಡೆ ಇದು ಎದ್ದು ಕೇಳಿ, ತನಿ ಆವರ್ತನದಲ್ಲಿ ಮುಚ್ಚಿಹೋಗಿರಬೇಕು. ಮತ್ತೊಮ್ಮೆ ಕೇಳಿ ನೋಡಿ.

ಎಸ್‌ಪಿಡಿಫ್ ಎಂದು ಕರೆಯುವ ಈ ಡಿಜಿಟಲ್ ಸಂಪರ್ಕದಲ್ಲಿ ಅಂಕಿಗಳ ಜೊತೆಗೆ ಗಡಿಯಾರವೂ ಅದೇ ತಂತಿಯಲ್ಲಿ ಬರುತ್ತದೆ. ರೆಕಾರ್ಡರ್ ತನ್ನ ಗಡಿಯಾರವನ್ನು ಪಕ್ಕಕ್ಕಿಟ್ಟು ಬರುವ ತಾಳಕ್ಕೆ ಹೊಂದಿಕೊಳ್ಳಬೇಕು. ಹಲವು ರೆಕಾರ್ಡರುಗಳಲ್ಲಿ ಡಿಜಿಟಲ್ ಇನ್ ಆಯ್ದ ಕೂಡಲೇ ಇದು ತಾನಾಗಿ ಆಗುತ್ತದೆ, ಕೆಲವದರಲ್ಲಿ ಮೆನುವಿನೊಳಗೆ ಹೋಗಿ ಕ್ಲಾಕ್ ಅಥವಾ ಸಿಂಕ್ ಎಂಬಲ್ಲಿ ಇಂಟರ್ನಲ್ ಇರುವುದನ್ನು ಡಿಜಿಟಲ್ ಇನ್‌ಗೆ ಬದಲಿಸಬೇಕು. ನಿಮ್ಮದರಲ್ಲಿ ಅದು ಇಂಟರ್ನಲ್ಲಿನಲ್ಲೇ ಉಳಿದಿದೆ.

ಇದರ ದೊಡ್ಡಣ್ಣನಂಥ ತಪ್ಪು ಇನ್ನೊಂದಿದೆ. ಕನ್ವರ್ಟರನ್ನು 44.1 ಕಿಲೋಹರ್ಟ್ಸಿಗೂ (ಸೆಕೆಂಡಿಗೆ 44,100 ಅಳತೆ) ರೆಕಾರ್ಡರನ್ನು 48ಕ್ಕೂ ಇಟ್ಟರೆ ಕೆಲವು ಯಂತ್ರಗಳು ನಿರಾಕರಿಸುತ್ತವೆ, ಇನ್ನು ಕೆಲವು ಸುಮ್ಮನೆ ಬರೆದುಕೊಂಡು ಫೈಲಿಗೆ 48 ಎಂಬ ಹಣೆಪಟ್ಟಿ ಅಂಟಿಸುತ್ತವೆ. ಆಗ ಒಂದು ಗಂಟೆಯ ಕಚೇರಿ 55 ನಿಮಿಷಕ್ಕೆ ಮುಗಿಯುತ್ತದೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಏರುತ್ತದೆ. ಬಿಳಿ ಒಂದರಲ್ಲಿ ಹಾಡಿದವರು ಕಪ್ಪು ಒಂದನ್ನು ದಾಟಿ ಬಿಳಿ ಎರಡರ ಹತ್ತಿರ ಬಂದು ನಿಂತಿರುತ್ತಾರೆ. ಇದನ್ನು ಕಂಪ್ಯೂಟರಿನಲ್ಲಿ ಹಣೆಪಟ್ಟಿ ತಿದ್ದಿ ಸರಿಪಡಿಸಬಹುದು. ಟಿಕ್‌ಗಳನ್ನು ಮಾತ್ರ ಒಂದೊಂದಾಗಿ ಅಳಿಸಬೇಕು. ಮೂರು ಗಂಟೆಯ ಕಚೇರಿಗೆ ಸೆಕೆಂಡಿಗೊಂದರಂತೆ ಹತ್ತು ಸಾವಿರಕ್ಕೂ ಹೆಚ್ಚು ಇರುವುದರಿಂದ, ಟಿಕ್ ತೆಗೆಯುವ ಸಾಫ್ಟ್‌ವೇರಿಗೇ ಒಪ್ಪಿಸಿಬಿಡಿ.

ಪ್ರಶ್ನೆ: ಆಪ್ಟಿಕಲ್ (ಬೆಳಕು ಸಾಗಿಸುವ) ಕೇಬಲ್ ಮೂಲಕ ಜೋಡಿಸಿದ ಮೇಲೆ ರೆಕಾರ್ಡರಿನ ಮಟ್ಟದ ಗುಂಡಿ ತಿರುಗಿಸಿದರೆ ಏನೂ ಆಗುವುದಿಲ್ಲ. ಗುಂಡಿ ಕೆಟ್ಟಿದೆಯೇ? (ಧಾರವಾಡದ ಓದುಗರು)

ಉತ್ತರ: ಕೆಟ್ಟಿಲ್ಲ. ಒಳಗೆ ಬರುತ್ತಿರುವುದು ಆಗಲೇ ಅಳೆದು ಮುಗಿಸಿದ ಅಂಕಿ. ಹೆಚ್ಚಿನ ರೆಕಾರ್ಡರುಗಳು ಅದನ್ನು ಮುಟ್ಟದೆ ಹಾಗೆಯೇ ಬರೆಯುತ್ತವೆ. ಮಟ್ಟವನ್ನು ಕನ್ವರ್ಟರಿನ ಗುಂಡಿಯಲ್ಲಿಯೇ ಹಿಡಿಯಬೇಕು. ತಬಲಾದ ಜೋರಿನ ಪೆಟ್ಟು ಮೀಟರಿನಲ್ಲಿ −12ರ ಸುತ್ತ ನಿಲ್ಲುವಂತೆ ಇಡಿ. ಕನ್ವರ್ಟರಿನಲ್ಲಿ ಮೀಟರಿನ ತುತ್ತತುದಿಯಾದ ಸೊನ್ನೆ ಮುಟ್ಟಿ ಕತ್ತರಿಸಿಹೋದ ಅಲೆಯನ್ನು ರೆಕಾರ್ಡರಿನಲ್ಲಿ ಯಾವ ಗುಂಡಿಯೂ ಮರಳಿ ತರುವುದಿಲ್ಲ.

ಪ್ರಶ್ನೆ: ನನ್ನ ಕನ್ವರ್ಟರಿನಲ್ಲಿ ಇರುವುದು ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ) ಡಿಜಿಟಲ್ ಔಟ್ ಮಾತ್ರ, ರೆಕಾರ್ಡರಿನಲ್ಲಿ ಇರುವುದು ಆರ್‌ಸಿಎ. ಬೆಸುಗೆ ಹಾಕಿ ಕೇಬಲ್ ಮಾಡಿಕೊಳ್ಳಬಹುದೇ? (ಪುತ್ತೂರಿನ ಓದುಗರು)

ಉತ್ತರ: ಅನೇಕರು ಮಾಡಿಕೊಂಡಿದ್ದಾರೆ, ಅನೇಕ ಸಲ ಅದು ನಡೆಯುತ್ತದೆ ಕೂಡ. ಆದರೂ ನಾನು ಹಾಗೆ ಮಾಡಿ ಎಂದು ಹೇಳಲಾರೆ. ಎಇಎಸ್ ಎಂದು ಕರೆಯುವ ಎಕ್ಸ್‌ಎಲ್‌ಆರ್ ಔಟಿನಲ್ಲಿ ಸಂಕೇತ 2ರಿಂದ 7 ವೋಲ್ಟಿನವರೆಗೆ ಇರುತ್ತದೆ ಮತ್ತು ಅದು 110 ಓಮಿನ ದಾರಿಯನ್ನು ಬಯಸುತ್ತದೆ. ಆರ್‌ಸಿಎಯ ಎಸ್‌ಪಿಡಿಫ್ ಎದುರುನೋಡುವುದು ಅರ್ಧ ವೋಲ್ಟನ್ನು, 75 ಓಮಿನ ದಾರಿಯಲ್ಲಿ. ಇವೆರಡನ್ನೂ ಸರಿಹೊಂದಿಸುವ ಪುಟ್ಟ ಟ್ರಾನ್ಸ್‌ಫಾರ್ಮರ್ ಅಡಾಪ್ಟರುಗಳು ಸಿಗುತ್ತವೆ, ಅದನ್ನೇ ಹಾಕಿ. ಅಂಕಿಗಳ ಜೊತೆ ಬರುವ ಗುರುತಿನಲ್ಲಿ ‘ವೃತ್ತಿಪರ’ ಎಂದಿದ್ದರೆ ಕೆಲವು ರೆಕಾರ್ಡರುಗಳು ಒಳಗೆ ಬಿಡುವುದಿಲ್ಲ. ಕನ್ವರ್ಟರಿನಲ್ಲಿ ಆ ಗುರುತನ್ನು ಬದಲಿಸುವ ಸ್ವಿಚ್ ಇದೆಯೇ ನೋಡಿ. ಆರ್‌ಸಿಎ ಕಡೆಗೆ ವಿಡಿಯೋಗೆ ಬಳಸುತ್ತಿದ್ದ ಹಳದಿ ಪ್ಲಗ್ಗಿನ ಕೇಬಲ್ ಮನೆಯಲ್ಲಿದ್ದರೆ ಅದೇ ಆಗುತ್ತದೆ, ಅದೂ 75 ಓಮಿನದೇ.

ಪ್ರಶ್ನೆ: ನನ್ನ ಬಳಿ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಇದೆ, ಒಳ್ಳೆಯ ಕನ್ವರ್ಟರ್ ಎಂದು ಹೆಸರಾದದ್ದು. ರೆಕಾರ್ಡರಿನಲ್ಲೂ ಯುಎಸ್‌ಬಿ ಇದೆ. ಎರಡನ್ನೂ ಜೋಡಿಸಿದರೆ ಏನೂ ನಡೆಯುವುದಿಲ್ಲ. (ಶಾರ್ಜಾದಲ್ಲಿರುವ ಕನ್ನಡಿಗ ಓದುಗರು)

ಉತ್ತರ: ಯುಎಸ್‌ಬಿಯಲ್ಲಿ ಒಬ್ಬರು ಯಜಮಾನರಾಗಿರಬೇಕು, ಇನ್ನೊಬ್ಬರು ಅವರು ಕೇಳಿದ್ದಕ್ಕೆ ಉತ್ತರ ಕೊಡುವವರಾಗಿರಬೇಕು. ಕಂಪ್ಯೂಟರ್ ಯಜಮಾನ. ನಿಮ್ಮ ಇಂಟರ್‌ಫೇಸ್ ಉತ್ತರ ಕೊಡುವ ಪಂಗಡದ್ದು. ಪುಟ್ಟ ರೆಕಾರ್ಡರುಗಳೂ ಸಾಮಾನ್ಯವಾಗಿ ಅದೇ ಪಂಗಡಕ್ಕೆ ಸೇರುತ್ತವೆ, ಕಂಪ್ಯೂಟರಿಗೆ ಸಿಕ್ಕಿಸಿದಾಗ ಅವು ಪೆನ್‌ಡ್ರೈವಿನಂತೆ ಕಾಣಿಸಿಕೊಳ್ಳುವುದು ಅದಕ್ಕೇ. ಇಬ್ಬರೂ ಕೇಳಲೆಂದು ಕಾಯುತ್ತ ಕೂತರೆ ಮಾತು ಶುರುವಾಗುವುದಾದರೂ ಹೇಗೆ?

ಆ ಇಂಟರ್‌ಫೇಸಿನಲ್ಲಿ ಎಸ್‌ಪಿಡಿಫ್ ಔಟ್ ಇದ್ದು, ಕಂಪ್ಯೂಟರ್ ಇಲ್ಲದೆಯೂ ತಾನಾಗಿ ಕೆಲಸ ಮಾಡುವ ಅನುಕೂಲವಿದ್ದರೆ ಅದನ್ನು ಡಿಜಿಟಲ್ ಇನ್ ಇರುವ ರೆಕಾರ್ಡರಿಗೆ ಜೋಡಿಸಬಹುದು. ಸೌಂಡ್ ಡಿವೈಸಸ್‌ನ ಯುಎಸ್‌ಬಿಪ್ರಿ 2 ಇಂಥದ್ದು. ಇಲ್ಲವಾದರೆ ನಿಮ್ಮ ಫೋನನ್ನೇ ರೆಕಾರ್ಡರ್ ಮಾಡಿಕೊಳ್ಳಿ. ಇಂದಿನ ಹೆಚ್ಚಿನ ಆಂಡ್ರಾಯ್ಡ್ ಫೋನುಗಳು ಓಟಿಜಿ (ಫೋನಿಗೆ ಬೇರೆ ಯುಎಸ್‌ಬಿ ಸಲಕರಣೆ ತಗುಲಿಸುವ ಸೌಲಭ್ಯ) ಮೂಲಕ ಯಜಮಾನರಾಗಬಲ್ಲವು, ಪ್ರತ್ಯೇಕ ಡ್ರೈವರ್ ಬೇಡದ ಇಂಟರ್‌ಫೇಸಾದರೆ ಅದನ್ನು ಗುರುತಿಸುತ್ತವೆ. ಫೋನಿನ ಬ್ಯಾಟರಿ ಇಂಟರ್‌ಫೇಸಿಗೂ ಶಕ್ತಿ ಕೊಡಬೇಕಾದ್ದರಿಂದ ನಡುವೆ ಚಾರ್ಜ್ ಕೊಡುವ ಹಬ್ ಇರಲಿ. ಫ್ಲೈಟ್ ಮೋಡ್ ಹಾಕುವುದನ್ನು ಮರೆಯಬೇಡಿ, ಆಲಾಪನೆಯ ನಡುವೆ ಕರೆ ಬಂದರೆ ಎಷ್ಟೋ ಆಪ್‌ಗಳು ಮುದ್ರಣ ನಿಲ್ಲಿಸಿಬಿಡುತ್ತವೆ.

ಪ್ರಶ್ನೆ: ನಮ್ಮ ತಂದೆಯವರ ಹರಿಕಥೆಗಳು 1990ರ ದಶಕದ ಹದಿನಾಲ್ಕು ಡ್ಯಾಟ್ ಕ್ಯಾಸೆಟ್‌ಗಳಲ್ಲಿವೆ. ಕೋಆಕ್ಸಿಯಲ್ ಡಿಜಿಟಲ್ ಔಟ್ ಇರುವ ಮನೆಬಳಕೆಯ ಡ್ಯಾಟ್ ಡೆಕ್ ಎರವಲು ಸಿಕ್ಕಿದೆ. ನೇರವಾಗಿ ಪುಟ್ಟ ರೆಕಾರ್ಡರಿಗೆ ಡಿಜಿಟಲ್ ಆಗಿ ಇಳಿಸಿಕೊಳ್ಳಬಹುದೇ? (ಬೆಂಗಳೂರಿನ ಓದುಗರು)

ಉತ್ತರ: ಖಂಡಿತ ಇಳಿಸಿಕೊಳ್ಳಿ, ಮತ್ತು ತಡಮಾಡಬೇಡಿ. ಡಿಜಿಟಲ್ ಇನ್‌ಗೆ ಇದಕ್ಕಿಂತ ಯೋಗ್ಯವಾದ ಕೆಲಸ ನನಗೆ ತೋಚುವುದಿಲ್ಲ. ಇಲ್ಲಿ ಅಳತೆಯ ಕೆಲಸ ಮೂವತ್ತು ವರ್ಷ ಹಿಂದೆಯೇ ಮುಗಿದಿದೆ. ಆ ಅಂಕಿಗಳನ್ನು ಕೆಡಿಸದೆ ಇನ್ನೊಂದು ಕಡೆಗೆ ಸಾಗಿಸಿದರೆ ಸಾಕು. ಮರಾಂಟ್ಜ್ ಪಿಎಂಡಿ661ರಂಥ ಕೋಆಕ್ಸಿಯಲ್ ಇನ್ ಇರುವ ರೆಕಾರ್ಡರ್ ಸಿಕ್ಕರೆ ಒಂದೇ ಕೇಬಲ್ಲಿನಲ್ಲಿ ಕೆಲಸವಾಗುತ್ತದೆ. ಸೋನಿಯ ಪಿಸಿಎಂ-ಡಿ50ರಲ್ಲಿ ಲೈನ್ ಇನ್ ಜ್ಯಾಕೇ ಆಪ್ಟಿಕಲ್ ಇನ್ ಕೂಡ ಆಗಿರುವುದರಿಂದ ಅದಕ್ಕೆ ಕೋಆಕ್ಸಿಯಲನ್ನು ಆಪ್ಟಿಕಲ್ ಮಾಡುವ ಚಿಕ್ಕ ಪೆಟ್ಟಿಗೆ ಮತ್ತು ತುದಿಯಲ್ಲಿ ದುಂಡನೆಯ ಮಿನಿ ಪ್ಲಗ್ ಇರುವ ಆಪ್ಟಿಕಲ್ ಕೇಬಲ್ ಬೇಕು.

ರೆಕಾರ್ಡರನ್ನು ಕ್ಯಾಸೆಟ್ಟಿನ ರೇಟಿಗೇ ಇಡಿ. ಡೆಕ್ಕಿನ ಪರದೆಯಲ್ಲಿ 48 ಅಥವಾ 44.1 ಎಂದು ಕಾಣುತ್ತದೆ. ಅದು 32 ಎಂದು ತೋರಿಸಿದರೆ, ಒಂದೇ ಕ್ಯಾಸೆಟ್ಟಿನಲ್ಲಿ ಎರಡರಷ್ಟು ಹೊತ್ತು ಹಿಡಿಸಲು ಲಾಂಗ್ ಪ್ಲೇಯಲ್ಲಿ ಮುದ್ರಿಸಿದ್ದಾರೆಂದು ತಿಳಿಯಿರಿ. ಹರಿಕಥೆ ದೀರ್ಘವಾದ್ದರಿಂದ ಹಾಗೆ ಮಾಡಿರುವ ಸಾಧ್ಯತೆ ಹೆಚ್ಚು. ಅನೇಕ ಪುಟ್ಟ ರೆಕಾರ್ಡರುಗಳು 32 ಕಿಲೋಹರ್ಟ್ಸನ್ನು ಒಪ್ಪುವುದಿಲ್ಲ. ಅಂಥ ಕ್ಯಾಸೆಟ್ಟುಗಳನ್ನು ಡೆಕ್ಕಿನ ಅನಲಾಗ್ ಔಟಿನಿಂದ ಲೈನ್ ಇನ್‌ಗೆ 24 ಬಿಟ್ಟಿನಲ್ಲಿ ಇಳಿಸಿಕೊಳ್ಳಿ. ಸಂಕೋಚಪಡಬೇಕಾದ್ದೇನಿಲ್ಲ, ಕಥೆ ಹೇಳುವ ಕಂಠಕ್ಕೂ ಹಾರ್ಮೋನಿಯಮ್ಮಿಗೂ ಅದರಿಂದ ಕೇಳುವಷ್ಟು ನಷ್ಟವಾಗದು.

ಪರದೆಯ ಮೇಲೆ ನಕಲು ನಿಷೇಧದ ಸೂಚನೆ ಬಂದರೆ ಗಾಬರಿಯಾಗಬೇಡಿ. ಎಸ್‌ಸಿಎಂಎಸ್ ಎಂಬ ಹಳೆಯ ವ್ಯವಸ್ಥೆ ಅದು. ಮೈಕಿನಿಂದ ಮುದ್ರಿಸಿದ ಮೂಲ ಕ್ಯಾಸೆಟ್ಟಿನಿಂದ ಒಂದು ಡಿಜಿಟಲ್ ನಕಲಿಗೆ ಅದು ಅವಕಾಶ ಕೊಡುತ್ತದೆ, ನಕಲಿನ ನಕಲಿಗೆ ಕೊಡುವುದಿಲ್ಲ. ಸೂಚನೆ ಬಂತೆಂದರೆ ನಿಮ್ಮ ಕೈಯಲ್ಲಿರುವುದು ಮೂಲ ಕ್ಯಾಸೆಟ್ಟಲ್ಲದಿರಬಹುದು. ಮನೆಯ ಅಟ್ಟದಲ್ಲಿ ಇನ್ನೊಂದು ಕಟ್ಟು ಇದೆಯೇ ಹುಡುಕಿ. ಪ್ರತಿ ಕ್ಯಾಸೆಟ್ಟನ್ನೂ ಮೊದಲು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ, ಆಮೇಲೆ ಮುದ್ರಿಸಿ. ಎರವಲು ಡೆಕ್ಕಿನ ಹೆಡ್ ಸ್ವಚ್ಛವಾಗಿದೆಯೇ ಎಂಬುದನ್ನು ತಂದೆಯವರ ಕ್ಯಾಸೆಟ್ ಹಾಕಿ ಪರೀಕ್ಷಿಸಬೇಡಿ, ಹೋದರೂ ಪರವಾಗಿಲ್ಲ ಎನ್ನುವ ಬೇರೊಂದನ್ನು ಹಾಕಿ ನೋಡಿ.

ಪ್ರಶ್ನೆ: 32 ಬಿಟ್ ಫ್ಲೋಟ್ ರೆಕಾರ್ಡರ್ ಕೊಂಡರೆ ಹೊರಗಿನ ಕನ್ವರ್ಟರಿನ ಮಾತೇ ಬೇಡವೇ? (ಸಾಗರದ ಓದುಗರು)

ಉತ್ತರ: ಹೊಸದಾಗಿ ಕೊಳ್ಳುವವರಿಗೆ ನನ್ನ ಉತ್ತರ, ಬೇಡ. ಇಂಥ ರೆಕಾರ್ಡರುಗಳಲ್ಲಿ ಝೂಮ್ ಕಂಪನಿಯ ಎಫ್6 2019ರಲ್ಲಿ, ಎಫ್3 2022ರಲ್ಲಿ ಬಂದವು. ಇವುಗಳಲ್ಲಿ ಪ್ರತಿ ಮೈಕಿಗೆ ಎರಡೆರಡು ಕನ್ವರ್ಟರುಗಳಿದ್ದು, ಒಂದು ಮೆಲ್ಲಗಿನ ಸದ್ದನ್ನೂ ಇನ್ನೊಂದು ಜೋರಿನದನ್ನೂ ಹಿಡಿಯುತ್ತವೆ. ಮಟ್ಟ ತಪ್ಪಿ ಮುದ್ರಣ ಹಾಳಾಗುವ ಭಯ ಬಹುಪಾಲು ಹೋಯಿತು. ಪ್ರೀ-ಆಂಪೂ ಸಾಕಷ್ಟು ಶಾಂತವಾಗಿದೆ. ಆಗಲೇ ಒಳ್ಳೆಯ ಕನ್ವರ್ಟರ್ ಇರುವವರು ಅದನ್ನು ಮಾರಿಬಿಡಬೇಕೆಂದು ಇದರ ಅರ್ಥವಲ್ಲ.

ಪ್ರಶ್ನೆ: ರಾತ್ರಿಯಿಡೀ ಕನ್ವರ್ಟರ್ ಮತ್ತು ರೆಕಾರ್ಡರ್ ಎರಡನ್ನೂ ನಡೆಸಲು ಎಂಥ ಬ್ಯಾಟರಿ ಬೇಕು? ಪವರ್ ಬ್ಯಾಂಕ್ ಸಾಕೇ? (ತೀರ್ಥಹಳ್ಳಿಯ ಓದುಗರು)

ಉತ್ತರ: ಲೆಕ್ಕ ಸುಲಭ. ನಿಮ್ಮ ಕನ್ವರ್ಟರ್ 12 ವೋಲ್ಟಿನಲ್ಲಿ 6 ವ್ಯಾಟ್ ಎಳೆಯುತ್ತದೆಯೆಂದರೆ ಅರ್ಧ ಆಂಪಿಯರ್ ಆಯಿತು. ಯುಪಿಎಸ್‌ಗಳಲ್ಲಿ ಹಾಕುವ 12 ವೋಲ್ಟ್ 7 ಎಹೆಚ್ (ಆಂಪಿಯರ್-ಗಂಟೆ) ಬ್ಯಾಟರಿ ಕಾಗದದ ಮೇಲೆ 14 ಗಂಟೆ ಬರಬೇಕು, ಪೂರ್ತಿ ಬರಿದು ಮಾಡಬಾರದಾದ್ದರಿಂದ ಒಂಬತ್ತು ಗಂಟೆ ಎಂದುಕೊಳ್ಳಿ. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಅಷ್ಟೇ ಸರಿಹೋಗುತ್ತದೆ, ಹಾಗಾಗಿ ಎರಡು ಒಯ್ಯುವುದು ವಾಸಿ. ರೆಕಾರ್ಡರಿಗೆ ಪವರ್ ಬ್ಯಾಂಕ್ ಆಗಬಹುದು. ಆದರೆ ಎಳೆತ ತೀರ ಕಡಿಮೆಯಾದರೆ ಚಾರ್ಜ್ ಮುಗಿಯಿತೆಂದು ಭಾವಿಸಿ ತಾನಾಗಿ ಆರಿಹೋಗುವ ಪವರ್ ಬ್ಯಾಂಕುಗಳಿವೆ. ಮನೆಯಲ್ಲಿಯೇ ಒಂದು ರಾತ್ರಿ ಓಡಿಸಿ ನೋಡಿ. 24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೋ ಗಂಟೆಗೆ ಸುಮಾರು ಒಂದು ಜಿಬಿ ಆಗುವುದರಿಂದ ಕಾರ್ಡು 16 ಜಿಬಿ ಇದ್ದರೆ ಸಾಕು.

ಇದರಲ್ಲಿ ನಾನೇ ಮೋಸಹೋಗಿದ್ದೇನೆ. ನಿಮ್ಮ ಜಿಲ್ಲೆಯದೇ ಒಂದು ಊರಿನ ಆಟದಲ್ಲಿ ಬೆಳಗಿನ ಜಾವ ಮೂರು ಗಂಟೆಯ ಸುಮಾರಿಗೆ ಕನ್ವರ್ಟರಿನ ಬ್ಯಾಟರಿ ಕೈಕೊಟ್ಟಿತು. ಅಂಕಿಗಳು ಬರುವುದು ನಿಂತಾಗ ಕೆಲವು ರೆಕಾರ್ಡರುಗಳು ಮುದ್ರಣವನ್ನು ನಿಲ್ಲಿಸುತ್ತವೆ. ನನ್ನದು ನಿಲ್ಲಿಸಲಿಲ್ಲ. ಕೆಂಪು ದೀಪ ಉರಿಯುತ್ತಲೇ ಇತ್ತು, ಸಮಯದ ಅಂಕಿಗಳು ಓಡುತ್ತಲೇ ಇದ್ದವು, ಕಾರ್ಡಿನಲ್ಲಿ ಮೂರು ಗಂಟೆಯ ಶುದ್ಧ ಮೌನ ತುಂಬಿಕೊಂಡಿತು. ನನಗೆ ಗೊತ್ತಾಗಲಿಲ್ಲ, ಏಕೆಂದರೆ ಹೆಡ್‌ಫೋನನ್ನು ತೆಗೆದಿಟ್ಟು ಆಟ ನೋಡುತ್ತ ಕೂತಿದ್ದೆ. ಅಂದಿನಿಂದ ಹೆಡ್‌ಫೋನ್ ಕಿವಿಯ ಮೇಲೇ ಇರುತ್ತದೆ. ಅದನ್ನು ಸಿಕ್ಕಿಸುವುದು ಕನ್ವರ್ಟರಿಗಲ್ಲ, ಸರಪಳಿಯ ಕೊನೆಯಲ್ಲಿರುವ ರೆಕಾರ್ಡರಿಗೆ. ಪಕ್ಕದಲ್ಲಿ ಇನ್ನೊಂದು ಸಾದಾ ರೆಕಾರ್ಡರ್ ತನ್ನದೇ ಮೈಕು, ತನ್ನದೇ ಶೆಲ್ಲುಗಳ ಮೇಲೆ ಓಡುತ್ತಿರುತ್ತದೆ.